ಬಂಡೆ ದೈತ್ಯನನ್ನು ಅತ್ತೆ ಕೇಳಿಸಿಕೊಂಡ ಬಗೆ

ಎರಡು ವರ್ಷದ ಹಿಂದೆ, ಬೇಸಿಗೆ ಮುಗಿಯುತ್ತಿದ್ದ ಹೊತ್ತಿನಲ್ಲಿ, ನಾವು ನಾಲ್ಕು ಜನ ದಿನಾ ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ಕೂತು ಸಾಯುತ್ತಿದ್ದೆವು. ಬಸ್ಸು ತೂಬಗೆರೆಯಿಂದ ಏಳೂವರೆಗೆ ಹೊರಟು ಎಂಟೂಕಾಲಿಗೆ ಬಾಶೆಟ್ಟಿಹಳ್ಳಿ ಮುಟ್ಟುತ್ತಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಮೊಬೈಲಿನೊಳಗಿನ ಒಬ್ಬ ದೈತ್ಯ ನಮ್ಮನ್ನು ಮೂರು ಸಲವಾದರೂ ತುಳಿದುಹಾಕುತ್ತಿದ್ದ. ನಾಲ್ಕನೇ ಸಲ ಶುರುಮಾಡುವಷ್ಟರಲ್ಲಿ ಕಾರ್ಖಾನೆಯ ಗೇಟು ಬಂದುಬಿಡುತ್ತಿತ್ತು.

ನಾನು ಔಷಧಿ ಬಾಟಲಿಗಳಿಗೆ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಬೆಲ್ಟಿನ ಮೇಲೆ ಸಾಲಾಗಿ ಹರಿದು ಬರುವ ಬಿಳಿ ಮುಚ್ಚಳಗಳಲ್ಲಿ ಸೊಟ್ಟಗಿರುವುದನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ಎಂಟು ಗಂಟೆ ಬಿಳಿ ಬಣ್ಣವನ್ನೇ ನೋಡುವ ಕಣ್ಣಿಗೆ ಬೇರೆ ಏನಾದರೂ ಬೇಕೆನ್ನಿಸುತ್ತದೆ. ರಾಜಘಟ್ಟದಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕೂರುತ್ತಿದ್ದ ಸ್ಟೋರ್ಸ್ ವಿಭಾಗದ ಗೆಳತಿ ಒಂದು ದಿನ ತನ್ನ ಮೊಬೈಲನ್ನು ನನ್ನ ಕೈಗಿಟ್ಟು, "ಸುಮ್ನೆ ನೋಡಕ್ಕಾ, ಇಷ್ಟ ಆಗ್ಲಿಲ್ಲ ಅಂದ್ರೆ ಬಿಟ್ಬಿಡು" ಅಂದಳು. ಪರದೆಯ ಮೇಲೆ ನೀಲಿ ಕಾಡು, ಕಿತ್ತಳೆ ಬಣ್ಣದ ನದಿ, ಬೆಳಗುವ ಅಣಬೆಗಳು. ನಾನು ಬಿಡಲಿಲ್ಲ.

ಅದು ನಾಲ್ವರು ಸೇರಿ ಆಡುವ ಆಟ. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬರು ಗುರಾಣಿ ಹಿಡಿದು ಮುಂದೆ ನಿಲ್ಲಬೇಕು, ಒಬ್ಬರು ದೂರದಿಂದ ಬಾಣ ಬಿಡಬೇಕು, ಒಬ್ಬರು ಸುತ್ತಿಗೆಯಿಂದ ಬಾರಿಸಬೇಕು, ಇನ್ನೊಬ್ಬರು ಗಾಯಗೊಂಡವರಿಗೆ ಮದ್ದು ಹಾಕಬೇಕು. ಯಾರನ್ನೂ ಹೊಡೆಯುವ ತಾಪತ್ರಯ ಇರುವುದಿಲ್ಲ ಎಂದುಕೊಂಡು ನಾನು ಮದ್ದಿನ ಕೆಲಸ ಆರಿಸಿಕೊಂಡೆ. ಗೆಳತಿಯದು ಬಾಣ. ಗುರಾಣಿ ಹಿಡಿದವರು ನಮ್ಮ ಕಾರ್ಖಾನೆಯ ಗೇಟಿನಲ್ಲಿ ಕೂರುವ ಸೆಕ್ಯುರಿಟಿಯವರು. ಐವತ್ತು ದಾಟಿದ, ಹುರಿಮೀಸೆಯ, ಒಂದು ಕಾಲದಲ್ಲಿ ತಾಲ್ಲೂಕು ತಂಡಕ್ಕೆ ಕಬಡ್ಡಿ ಆಡಿದ್ದ ಆಳು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತಿದ್ದೆವು. ಸುತ್ತಿಗೆ ಹಿಡಿದವನು ಫೋರ್ಕ್‌ಲಿಫ್ಟ್ ಓಡಿಸುವ ಹುಡುಗ.

ಕಾಡು, ನದಿ, ಗುಹೆ ಎಲ್ಲ ದಾಟಿದ ಮೇಲೆ ಒಂದು ಕಲ್ಲಿನ ಬಾಗಿಲು ಬಂತು. ಅದರ ಹಿಂದೆ ಈ ದೈತ್ಯ. ಮೈಯೆಲ್ಲ ಬಂಡೆ. ಬೆನ್ನ ಮೇಲೆ ಪಾಚಿ, ಪಾಚಿಯ ನಡುವೆ ತಟ್ಟೆಯಗಲದ ಒಂದು ಕೆಂಪು ಗುರುತು. ಆ ಗುರುತಿಗೆ ಬಿದ್ದ ಏಟು ಮಾತ್ರ ಅವನಿಗೆ ತಾಗುತ್ತಿತ್ತು. ಅವನ ಹತ್ತಿರ ಮೂರು ವರಸೆಗಳಿದ್ದವು. ನೆಲಕ್ಕೆ ಕಾಲು ಅಪ್ಪಳಿಸುವುದು, ಬಾಯಿಂದ ಕಲ್ಲು ಉಗುಳುವುದು, ನಿಂತಲ್ಲೇ ಗಿರ್ರನೆ ಸುತ್ತುವುದು. ಅಪ್ಪಳಿಸಿದಾಗ ನೆಗೆಯಬೇಕು, ಉಗುಳಿದಾಗ ಗುರಾಣಿಯ ಮರೆಗೆ ಹೋಗಬೇಕು, ಸುತ್ತಿದಾಗ ದೂರ ಓಡಬೇಕು. ಕೇಳುವುದಕ್ಕೆ ಸುಲಭ. ಆದರೆ ಯಾವುದು ಯಾವಾಗ ಬರುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ನೆಲದ ಮೇಲೆ ಎಚ್ಚರಿಕೆಯ ಕೆಂಪು ಗೆರೆ ಮೂಡುವಷ್ಟರಲ್ಲಿ ನಾವು ಚಪ್ಪಟೆಯಾಗಿರುತ್ತಿದ್ದೆವು.

ಸತ್ತ ಮೇಲೆ ಜಗಳ. ಅಣ್ಣ ಗುರಾಣಿ ಹಿಡಿದು ನಿಲ್ಲುವ ಬದಲು ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ನುಗ್ಗಿದ ಹಾಗೆ ದೈತ್ಯನ ಕಾಲಬುಡಕ್ಕೇ ನುಗ್ಗುತ್ತಿದ್ದರು. "ಹಿಂದಕ್ಕೆ ಬನ್ನಿ ಅಣ್ಣ" ಎಂದರೆ, "ನಾನು ಹಿಂದಕ್ಕೆ ಬಂದವನೇ ಅಲ್ಲಮ್ಮ" ಎನ್ನುತ್ತಿದ್ದರು. ಸುತ್ತಿಗೆಯವನು ಯಾರ ಮಾತೂ ಕೇಳದೆ ಬಾರಿಸುತ್ತಿದ್ದ. ನನ್ನ ತಪ್ಪು ಬೇರೆ ಥರದ್ದು. ಯಾರು ಬಿದ್ದರೂ ನಾನು ಓಡುತ್ತಿದ್ದೆ. ಬಿದ್ದವರನ್ನು ಎಬ್ಬಿಸಲು ಅವರ ಪಕ್ಕ ನಾಲ್ಕು ಸೆಕೆಂಡು ಅಲ್ಲಾಡದೆ ಕೂರಬೇಕು. ಆ ನಾಲ್ಕು ಸೆಕೆಂಡು ಸಾಕಿತ್ತು ಅವನಿಗೆ, ಒಂದೇ ಏಟಿಗೆ ಇಬ್ಬರನ್ನೂ ಮುಗಿಸಲು.

"ಅಕ್ಕಾ, ನೀನು ಆಟದಲ್ಲೂ ಅಮ್ಮ ಆಗ್ಬೇಡ" ಎಂದಳು ಗೆಳತಿ ಒಂದು ದಿನ. ನನಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ನಗು ಬಂತು.

ಹೀಗಿರುವಾಗ ಫೋರ್ಕ್‌ಲಿಫ್ಟ್ ಹುಡುಗನನ್ನು ಎರಡನೇ ಪಾಳಿಗೆ ಹಾಕಿದರು. ನಾವು ಹೋಗುವಾಗ ಅವನು ಮಲಗಿರುತ್ತಿದ್ದ, ಅವನು ಹೋಗುವಾಗ ನಾವು ಬೆಲ್ಟಿನ ಮುಂದೆ. ನಾಲ್ವರಿಲ್ಲದೆ ಕಲ್ಲಿನ ಬಾಗಿಲು ತೆಗೆಯುವುದೇ ಇಲ್ಲ. ಬಸ್ಸಿನಲ್ಲಿ ಮೂವರೂ ಮೊಬೈಲು ಜೇಬಿಗಿಟ್ಟು ಕಿಟಕಿಯಾಚೆ ನೋಡಿಕೊಂಡು ಹೋದ ಆ ವಾರ ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಉದ್ದದ ದಾರಿ ಅದು ಎಂದು ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಈ ಆಟದೊಳಕ್ಕೆ ಬಂದದ್ದು ಆ ವಾರವೇ.

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಇಪ್ಪತ್ತೆಂಟು ವರ್ಷ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯ್ದವರು. ಕರೆಂಟಿನ ಮಗ್ಗಗಳು, ಒಂದೇ ಸೂರಿನ ಕೆಳಗೆ ಹನ್ನೆರಡು. ಆ ಸದ್ದಿನಲ್ಲಿ ಅಷ್ಟು ವರ್ಷ ನಿಂತು ಅವರ ಕಿವಿ ಮಂದವಾಗಿತ್ತು. ಮನೆಯಲ್ಲಿ ಅವರಿಗೆ ಏನು ಹೇಳಬೇಕಾದರೂ ಎರಡೆರಡು ಸಲ ಹೇಳಬೇಕು. ಮಂಡಿನೋವು ಬಂದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದರು. ನಾನು ಸಂಜೆ ಕುಕ್ಕರ್ ಕೂಗುವ ತನಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಆಡುವುದನ್ನು ಹಿಂದಿನಿಂದ ನೋಡುತ್ತಿದ್ದರು. ದಿನಾ ಒಂದೇ ಪ್ರಶ್ನೆ: "ಆ ಬಂಡೆ ಇವತ್ತೂ ಸಾಯ್ಲಿಲ್ವಾ?"

ಆ ವಾರ ನಾನು ಆಡುತ್ತಿಲ್ಲದ್ದನ್ನು ನೋಡಿ ಕಾರಣ ಕೇಳಿದರು. ಹೇಳಿದೆ. ಎರಡು ಸಲ.

"ನಾಕ್ನೇದವ್ರು ಬೇಕು ತಾನೇ. ನಂಗೆ ಹೇಳ್ಕೊಡು" ಎಂದರು.

ನಾನು ನಗಲಿಲ್ಲ, ಆದರೆ ಒಳಗೊಳಗೇ ಇದು ಎರಡು ದಿನದ ಮಾತು ಎಂದುಕೊಂಡೆ. ಅವರ ಮಗಳು ಕೊಡಿಸಿದ್ದ ಮೊಬೈಲಿಗೆ ಆಟ ಹಾಕಿಕೊಟ್ಟೆ. ಓಡುವ ಗುಂಡಿ, ನೆಗೆಯುವ ಗುಂಡಿ, ಹೊಡೆಯುವ ಗುಂಡಿ ತೋರಿಸಿದೆ. ಮೊದಲ ದಿನ ಅವರ ಸುತ್ತಿಗೆಯಾಳು ನದಿಗೆ ಬಿದ್ದ. ಎರಡನೇ ದಿನವೂ ಬಿದ್ದ. ಮೂರನೇ ದಿನ ಅವರು ನದಿ ದಾಟಿ, ಅಣಬೆಗಳ ಮೇಲೆಲ್ಲ ನೆಗೆದು ಬಂದು, "ಇದೇನು, ಮಗ್ಗ ನೋಡ್ಕೊಳೋದಕ್ಕಿಂತ ಸಲೀಸು" ಎಂದರು. ನಾಲ್ಕು ಮಗ್ಗಗಳನ್ನು ಒಬ್ಬರೇ ನೋಡಿಕೊಂಡಿದ್ದ ಕೈ ಅದು. ಎರಡು ಹೆಬ್ಬೆರಳಿನ ಕೆಲಸ ಏನು ಮಹಾ.

ಮುಂದಿನ ಸೋಮವಾರ ಬೆಳಿಗ್ಗೆ ನಾವು ಮೂವರು ಬಸ್ಸಿನಿಂದ, ಅತ್ತೆ ಮನೆಯ ಜಗುಲಿಯಿಂದ ಸೇರಿ ಕಲ್ಲಿನ ಬಾಗಿಲು ತೆಗೆದೆವು. ನಾನು ಮದ್ದು ಹಾಕುವ ಮೊದಲೇ ಸತ್ತೆ. ಗೆಳತಿ ಸತ್ತಳು. ಅಣ್ಣ ಎಂದಿನಂತೆ ನುಗ್ಗಿ ಸತ್ತರು. ಅತ್ತೆ ಮಾತ್ರ ಸಾಯಲಿಲ್ಲ. ಮಂಡಿನೋವಿನ ಹೆಂಗಸು ಪರದೆಯ ಮೇಲೆ ನೆಗೆದು, ಓಡಿ, ಮತ್ತೆ ನೆಗೆದು, ದೈತ್ಯನಿಗೆ ಒಂದೇ ಒಂದು ಏಟನ್ನೂ ಹಾಕದೆ, ಒಂದೇ ಒಂದು ಏಟನ್ನೂ ತಿನ್ನದೆ ಐದು ನಿಮಿಷ ಉಳಿದರು. ನಮ್ಮ ಮೂರೂ ತಲೆಗಳು ನನ್ನ ಮೊಬೈಲಿನ ಮೇಲೆ ಬಾಗಿದ್ದವು.

"ಯಾರಮ್ಮ ಇವ್ರು?" ಎಂದರು ಅಣ್ಣ.

"ನಮ್ಮತ್ತೆ."

"ಅವ್ರಿಗೆ ಮುಂಚೇನೇ ಗೊತ್ತಾಗ್ತಾ ಇದೆಯಲ್ಲ. ಹೆಂಗೆ?"

ಸಂಜೆ ಮನೆಗೆ ಹೋದವಳೇ ಅದನ್ನೇ ಕೇಳಿದೆ. ಅತ್ತೆ ನೆನೆಸಿದ ಒಣ ಅವರೆಕಾಳು ಹಿಚುಕುತ್ತಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅವ್ನು ಕಾಲೆತ್ತೋ ಮುಂಚೆ ಸದ್ದು ಮಾಡ್ತಾನಲ್ಲ. ನಿಮ್ಗೆ ಕೇಳ್ಸಲ್ವಾ?"

ನಮಗೆ ಕೇಳಿಸುತ್ತಿರಲಿಲ್ಲ. ಬಸ್ಸಿನಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿರುತ್ತಾರೆಂದು ನಾವು ಮೊದಲ ದಿನದಿಂದಲೂ ಸದ್ದು ಪೂರ್ತಿ ಆರಿಸಿಯೇ ಆಡುತ್ತಿದ್ದೆವು. ಮನೆಯಲ್ಲಿ ನಾನು ಆಡುವಾಗಲೂ ಅದೇ ಅಭ್ಯಾಸ. ಅತ್ತೆ ಕಿವಿ ಮಂದವೆಂದು ತಮ್ಮ ಮೊಬೈಲಿನ ಸದ್ದನ್ನು ಕೊನೆಯ ತನಕ ಏರಿಸಿಟ್ಟುಕೊಂಡಿದ್ದರು.

ಗೆಳತಿಗೂ ಅಣ್ಣನಿಗೂ ಫೋನ್ ಮಾಡಿ, ನಾಲ್ವರೂ ಸೇರಿ ಬಾಗಿಲು ತೆಗೆದು, ಅತ್ತೆಯ ಪಕ್ಕ ಕೂತು ಕೇಳಿದೆ. ಆಟದ ಸಂಗೀತ ಡಬಡಬ ಹೊಡೆದುಕೊಳ್ಳುತ್ತಿತ್ತು. ನನಗೆ ಅದರಲ್ಲಿ ಏನೂ ಬೇರೆಯಾಗಿ ಕೇಳಿಸಲಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದು, ಒಂದು ಬೆರಳಿನಿಂದ ತಟ್ಟುತ್ತಾ ಹೇಳಿಕೊಟ್ಟರು. "ಈಗ ನೋಡು. ಟಕ್ ಅಂತು. ಈಗ ಕಾಲು ಬೀಳ್ತದೆ." ಬಿತ್ತು. "ಈಗ ಕೇಳು, ರಾಗಿ ಬೀಸ್ದಂಗೆ ಬರ್ತದೆ. ಕಲ್ಲು ಉಗೀತಾನೆ." ಉಗಿದ. "ಇದು ನೂಲು ಬಿಗಿಯಾದಾಗ ಬರೋ ಸದ್ದು, ಕುಯ್ಯ್ ಅಂತ. ಓಡು." ದೈತ್ಯ ಸುತ್ತತೊಡಗಿದ.

"ಇಷ್ಟು ಗಲಾಟೆಯಲ್ಲಿ ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಶೆಡ್ನಲ್ಲಿ ಹನ್ನೆರಡು ಮಗ್ಗ ಒಟ್ಗೇ ಹೊಡ್ಕೋತಿದ್ವು. ಅದ್ರಲ್ಲಿ ನನ್ ಮಗ್ಗದ ಒಂದೆಳೆ ಕಿತ್ಹೋದ್ರೆ, ಬೆನ್ನು ತಿರುಗ್ಸಿದ್ರೂ ಗೊತ್ತಾಗೋದು. ಮಾತು ಕೇಳ್ಸಲ್ಲ ನಂಗೆ. ಸದ್ದು ಕೇಳ್ತದೆ."

ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೆ. ಅವರ ಕೆಲಸ ಎಂಥದು ಎಂದು ನಾನು ಕೇಳಿದ್ದು ಅದೇ ಮೊದಲು. ಆ ಸಂಜೆ ಅಡುಗೆ ತಡವಾಯಿತು. ಅವರು ಹೇಳುತ್ತಲೇ ಇದ್ದರು, ಲಾಳಿ ಹಾರಿ ಬಂದು ಪಕ್ಕದವಳ ಬಳೆ ಒಡೆದದ್ದು, ಸದ್ದಿನಲ್ಲಿ ಮಾತಾಡಲಾಗದೆ ಹೆಂಗಸರೆಲ್ಲ ಕೈಸನ್ನೆಯಲ್ಲೇ ಮೇಸ್ತ್ರಿಯನ್ನು ಗೇಲಿ ಮಾಡುತ್ತಿದ್ದದ್ದು. ನಾನು ಹಿಚುಕಿದ ಅವರೆಬೇಳೆಯ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ನಕ್ಕು ನಕ್ಕು ಸಾಕಾದೆ.

ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲಿ ಸೇರುವುದೆಂದು ತೀರ್ಮಾನವಾಯಿತು. ಎದುರುಬದುರು ಕೂತರೆ ಅತ್ತೆ ಕೂಗಿ ಹೇಳಬಹುದು, ನಾವು ಅದರಂತೆ ಮಾಡಬಹುದು. ಗೆಳತಿ ಸ್ಕೂಟರಿನಲ್ಲಿ ಬಂದಳು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹೆಣ್ಣು ನೋಡುವುದಕ್ಕೆ ಬಂದವರ ಹಾಗೆ ಬಂದರು. ನಾಲ್ಕೂ ಮೊಬೈಲಿಗೆ ಒಟ್ಟಿಗೆ ಸಿಗ್ನಲ್ ಚೆನ್ನಾಗಿ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ನನ್ನ ಗಂಡ ಅಲ್ಲಿ ಟಾರ್ಪಾಲು ಕಟ್ಟಿ ನೆರಳು ಮಾಡಿಕೊಟ್ಟು, ಹಿತ್ತಲ ಮರದ ಹಲಸಿನ ಹಣ್ಣು ಕೊಯ್ದು ತಂದು ಬಿಡಿಸುತ್ತಾ ಕೂತರು. "ನನ್ ಹೆಂಡ್ತಿ ಕೆಟ್ಟಿದ್ದು ಸಾಲ್ದು ಅಂತ ನಮ್ಮಮ್ಮನ್ನೂ ಕೆಡ್ಸಿದ್ದೀರ" ಎಂದು ಅಣ್ಣನಿಗೆ ಹೇಳುತ್ತಾ ಮೊದಲ ತೊಳೆಯನ್ನು ಅವರ ಕೈಗೇ ಕೊಟ್ಟರು.

ಮೊದಲ ಸಲ ಸೋತದ್ದು ಆ ಹಲಸಿನಿಂದಲೇ. ಅಣ್ಣನ ಹೆಬ್ಬೆರಳಿಗೆ ಅಂಟು ಮೆತ್ತಿಕೊಂಡು ಗುರಾಣಿಯ ಗುಂಡಿಯಿಂದ ಬಿಡಿಸಿಕೊಳ್ಳಲಾಗಲಿಲ್ಲ. ಎಲ್ಲರೂ ಕೈಗೆ ಕೊಬ್ಬರಿಎಣ್ಣೆ ಹಚ್ಚಿ ತೊಳೆದುಕೊಂಡು ಬಂದು ಮತ್ತೆ ಕೂತೆವು.

ಎರಡನೇ ಸಲ ಸೋತದ್ದು ಕನ್ನಡದಿಂದ. ಅತ್ತೆ ದೈತ್ಯನ ಕಾಲು ಬೀಳುವ ಮುಂಚೆ "ಕಾಲು" ಎಂದು, ಉಗುಳುವ ಮುಂಚೆ "ಕಲ್ಲು" ಎಂದು ಕೂಗುತ್ತಿದ್ದರು. ಕಿವಿ ಮಂದವಿದ್ದವರು ಕೂಗುವುದು ಎಷ್ಟು ಜೋರೆಂದರೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ನಾನು ಕಲ್ಲಿಗೆ ನೆಗೆದೆ, ಅಣ್ಣ ಕಾಲಿಗೆ ಗುರಾಣಿ ಹಿಡಿದರು, ಗೆಳತಿ ಎರಡಕ್ಕೂ ಓಡಿದಳು. ಮೂವರೂ ಹೋದೆವು.

"ಅವ್ನು ಏನ್ ಮಾಡ್ತಾನೆ ಅಂತ ಬೇಡಜ್ಜಿ" ಎಂದಳು ಗೆಳತಿ. "ನಾವೇನ್ ಮಾಡ್ಬೇಕು ಅಂತ ಹೇಳಿ. ನೆಗಿ, ಅಡಗು, ಓಡು. ಮೂರೇ ಮಾತು."

ಅದು ಸರಿಹೋಯಿತು. ಆಮೇಲೆ ಅತ್ತೆ ಅಣ್ಣನ ಕಡೆ ತಿರುಗಿದರು. "ನೋಡಪ್ಪಾ, ನೀನು ನುಗ್ಗಿದ್ರೆ ಅವ್ನು ನಿನ್ ಜೊತೆ ತಿರುಗ್ತಾನೆ. ಬೆನ್ನಿನ ಕೆಂಪು ಈ ಮಗೀಗೆ ಕಾಣ್ಸೋದೇ ಇಲ್ಲ, ಬಾಣ ಎಲ್ಲಿಗ್ ಬಿಡ್ತಾಳೆ? ನೀನು ನಿಂತಲ್ಲಿ ನಿಲ್ಲು. ಅವ್ನು ನಿನ್ನೇ ನೋಡ್ತಾ ಇರ್ಲಿ."

ಅಣ್ಣ ಮೀಸೆ ಸವರಿಕೊಂಡರು. ಅವರ ಮನಸ್ಸು ನೊಂದಿತೇನೋ ಎಂದು ನನಗೆ ಭಯವಾಯಿತು. "ಕಬಡ್ಡಿನಲ್ಲೂ ಒಬ್ಬ ಇರ್ತಿದ್ದ" ಎಂದರು ಕೊನೆಗೆ. "ಮೂಲೇಲಿ ಸುಮ್ನೆ ನಿಲ್ಲೋನು. ಬಂದೋನ್ ಕಣ್ಣೆಲ್ಲಾ ಅವನ್ ಮೇಲೇ ಇರೋದು, ಉಳಿದೋರು ಹಿಡಿಯೋರು. ಅವನ್ಗೆ ಯಾರೂ ಚಪ್ಪಾಳೆ ತಟ್ತಿರ್ಲಿಲ್ಲ."

"ನಾವು ತಟ್ತೀವಿ" ಎಂದಳು ಗೆಳತಿ.

"ಹಂಗಾದ್ರೆ ನಿಲ್ತೀನಿ."

ಮೂರನೇ ಸಲ ದೈತ್ಯನ ಪ್ರಾಣ ಮುಕ್ಕಾಲು ಇಳಿಯಿತು. ಅಲ್ಲಿಯ ತನಕ ನಾವು ಎಂದೂ ಹೋಗಿರಲಿಲ್ಲವಾದ್ದರಿಂದ ಮುಂದೇನಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವನ ಮೈಯೆಲ್ಲ ಕೆಂಪಾಯಿತು, ಅಣ್ಣನನ್ನು ಬಿಟ್ಟು ಸೀದಾ ಗೆಳತಿಯ ಮೇಲೆ ಬಿದ್ದ. ಅವಳು ಬಿದ್ದಳು, ನಾನು ಓಡಿದೆ, ನಾನೂ ಬಿದ್ದೆ. ನಾಲ್ಕನೇ ಸಲವೂ ಹಾಗೇ ಆಯಿತು. ಆಗ ಗೆಳತಿಗೆ ಹೊಳೆಯಿತು, ಸಿಟ್ಟು ಬಂದ ಮೇಲೆ ತನಗೆ ಮೊದಲ ಏಟು ಹಾಕಿದವರನ್ನು ಮಾತ್ರ ಅವನು ಅಟ್ಟಿಸಿಕೊಂಡು ಹೋಗುತ್ತಾನೆ.

ಅಂದರೆ ಯಾರಾದರೂ ಒಬ್ಬರು ಬೇಕೆಂದೇ ಏಟು ಹಾಕಿ ಅವನನ್ನು ತಮ್ಮ ಹಿಂದೆ ಎಳೆದುಕೊಂಡು ಓಡಬೇಕು. ಉಳಿದವರು ಅವನ ಬೆನ್ನಿಗೆ ಬೀಳಬೇಕು.

"ನಾನು ಓಡ್ತೀನಿ" ಎಂದರು ಅತ್ತೆ. "ನಂಗೆ ಅವ್ನು ಮುಂಚೇನೇ ಹೇಳ್ತಾನಲ್ಲ." ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿದರು, ಅಂದರೆ ಅವರ ಪಾಲಿಗೆ ಮೆಲ್ಲಗೆ, ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. "ನಾನು ಬಿದ್ರೆ ನೀನು ಬರ್ಕೂಡ್ದು."

"ಆಯ್ತು ಅತ್ತೆ."

"ಬರ್ತೀಯ ನೀನು. ನಂಗೊತ್ತು. ಬರ್ಕೂಡ್ದು."

ಐದನೇ ಸಲ ಎಲ್ಲವೂ ಒಂದು ಹದಕ್ಕೆ ಬಂತು. ಅಣ್ಣ ಬೇರುಬಿಟ್ಟವರ ಹಾಗೆ ನಿಂತಿದ್ದರು. "ಅಡಗು" ಎಂದಾಗ ನಾವೆಲ್ಲ ಅವರ ಗುರಾಣಿಯ ಹಿಂದೆ, "ನೆಗಿ" ಎಂದಾಗ ಎಲ್ಲರೂ ಗಾಳಿಯಲ್ಲಿ. ಪರದೆ ನೋಡುವುದನ್ನೇ ಬಿಟ್ಟು ಬರೀ ಅತ್ತೆಯ ದನಿಗೆ ಬೆರಳು ಆಡಿಸುತ್ತಿದ್ದೆ. ಗೆಳತಿಯ ಬಾಣಗಳು ಕೆಂಪು ಗುರುತಿಗೆ ಒಂದರ ಹಿಂದೆ ಒಂದು ಬಿದ್ದವು. ದೈತ್ಯನಿಗೆ ಸಿಟ್ಟು ಬಂತು. ಅತ್ತೆ ಸುತ್ತಿಗೆಯಿಂದ ಅವನ ಹಿಮ್ಮಡಿಗೆ ಒಂದು ಏಟು ಕೊಟ್ಟು, ತಿರುಗಿ ಓಡತೊಡಗಿದರು. ಓಡುತ್ತಲೇ "ನೆಗಿ", ಓಡುತ್ತಲೇ "ಅಡಗು". ಅವನ ಪ್ರಾಣದ ಗೆರೆ ಕೂದಲೆಳೆಯಷ್ಟು ಉಳಿದಿತ್ತು. ಆಗ ಕೆಳಗಡೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು.

ಅತ್ತೆಗೆ ಆ ಕುಯ್ಯ್ ಸದ್ದು ಕೇಳಿಸಲಿಲ್ಲ. ದೈತ್ಯ ಸುತ್ತಿದ. ಅತ್ತೆಯ ಆಳು ಬಿದ್ದ.

ನನ್ನ ಹೆಬ್ಬೆರಳು ತಾನಾಗಿಯೇ ಅವರ ಕಡೆ ಹೊರಟಿತು. ಎರಡು ಹೆಜ್ಜೆ ಇಟ್ಟೂಬಿಟ್ಟಿದ್ದೆ. "ಬರ್ಬೇಡ ಕಣಮ್ಮ, ಹೊಡಿ" ಎಂದರು ಅತ್ತೆ. ಮದ್ದಿನವಳಿಗೂ ಒಂದು ಸಣ್ಣ ಕೋಲು ಇರುತ್ತದೆ. ಅದನ್ನು ನಾನು ಅಷ್ಟು ದಿನದಲ್ಲಿ ಒಂದು ಸಲವೂ ಎತ್ತಿರಲಿಲ್ಲ. ತಿರುಗಿದೆ. ದೈತ್ಯನ ಬೆನ್ನು ನನ್ನ ಎದುರಿಗೇ ಇತ್ತು, ತಟ್ಟೆಯಗಲದ ಕೆಂಪು. ಹೊಡೆದೆ. ಗೆಳತಿಯ ಬಾಣವೂ ಅದೇ ಗಳಿಗೆಗೆ ಬಂತು. ಯಾರ ಏಟಿಗೆ ಹೋದನೋ ಇವತ್ತಿಗೂ ನಾವಿಬ್ಬರೂ ವಾದ ಮಾಡುತ್ತೇವೆ.

ದೈತ್ಯ ಮಂಡಿಯೂರಿ, ಒಂದೊಂದೇ ಬಂಡೆಯಾಗಿ ಉದುರಿ, ಪಾಚಿಯ ಗುಡ್ಡೆಯಾದ. ಅದರ ಮೇಲೆ ಒಂದು ಬಿಳಿ ಹೂವು ಅರಳಿತು. ಮೊದಲು ಚಪ್ಪಾಳೆ ತಟ್ಟಿದವಳು ಗೆಳತಿ, ಕೊಟ್ಟ ಮಾತಿನಂತೆ ಅಣ್ಣನಿಗೆ. ನಾವೆಲ್ಲ ತಟ್ಟಿದೆವು. ಅಣ್ಣ ಬಿಳಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಹಲಸಿನ ಘಾಟು ಎಂದರು. ಹಲಸಿಗೆ ಘಾಟು ಎಲ್ಲಿಂದ ಬರಬೇಕು.

ಗೆದ್ದವರಿಗೆ ಆಟದವರು ಒಂದೊಂದು ಕಲ್ಲಿನ ಕಿರೀಟ ಕೊಟ್ಟರು. ಅತ್ತೆ ತಮ್ಮದನ್ನು ಹಾಕಿ ನೋಡಿ, "ತಲೆ ಭಾರ" ಎಂದು ತೆಗೆಸಿದರು. ನನ್ನ ಗಂಡ ಎಲ್ಲವನ್ನೂ ಹಿಂದೆ ನಿಂತು ನೋಡಿದವರು, ತಮ್ಮ ಅಮ್ಮನಿಗೆ ಒಂದು ತೊಳೆ ಹಣ್ಣು ಬಿಡಿಸಿ ಬಾಯಿಗೇ ಇಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಸುದ್ದಿ ಫೋರ್ಕ್‌ಲಿಫ್ಟ್ ಹುಡುಗನಿಗೆ ಮುಟ್ಟಿತು. "ನನ್ ಸುತ್ತಿಗೆ ಯಾರ್ ಗುರು ಹಿಡಿದಿದ್ದು?" ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕಿದ. ಉತ್ತರ ಓದಿ ನಂಬಲಿಲ್ಲ. ಮುಂದಿನ ಭಾನುವಾರ ಗೆಳತಿ, ಅಣ್ಣ ಇಬ್ಬರ ಜೊತೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಮನೆಗೇ ಬಂದ. ಅತ್ತೆ ಅವನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಎದುರಿಗೆ ಕೂರಿಸಿಕೊಂಡು, ಮೂರು ಸದ್ದುಗಳನ್ನೂ ಬಾಯಲ್ಲೇ ಮಾಡಿ ತೋರಿಸಿದರು. "ಕಣ್ಣು ಜಾಸ್ತಿ ನಂಬ್ತೀಯ ನೀನು. ಕಣ್ಮುಚ್ಕೊಂಡು ಕೇಳು" ಎಂದರು. ಅವನು ಅದನ್ನು ಅಕ್ಷರಶಃ ತೆಗೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಆಡಿದ. ಆರು ಸೆಕೆಂಡಿನಲ್ಲಿ ಚಪ್ಪಟೆಯಾದ.

ನಾನೂ ಗೆಳತಿಯೂ ಗೋಡೆ ಹಿಡಿದುಕೊಂಡು ನಗುತ್ತಿದ್ದೆವು. ಅತ್ತೆ ಮಾತ್ರ ನಗಲಿಲ್ಲ. ಅವನ ಬೆನ್ನು ತಟ್ಟಿ, "ಪರ್ವಾಗಿಲ್ಲ ಬಾ. ಉಂಡ್ಕೊಂಡು ಇನ್ನೊಂದ್ಸಲ ಸಾಯಿವಂತೆ" ಎಂದು ಊಟಕ್ಕೆ ಕರೆದುಕೊಂಡು ಹೋದರು.